ಕಣ್ಣಿಗೆ ಕಾಣದ ಪೆಟ್ಟು: ಮಂಡ್ಯದ ಟಿಂಕರಿಂಗ್ ಗ್ಯಾರೇಜಿನಿಂದ ನನ್ನ ಅನುಭವ

2023ರ ದೀಪಾವಳಿ ಮುಗಿದ ವಾರ ಒಂದು ಬಿಳಿ ಎಸ್‌ಯುವಿ ನಮ್ಮ ಗ್ಯಾರೇಜಿಗೆ ಬಂತು. ಮಂಡ್ಯದ ಪೇಟೆ ಬೀದಿಯಲ್ಲಿ ಹಿಂದಕ್ಕೆ ಬರುತ್ತಿದ್ದ ಗೂಡ್ಸ್ ಆಟೋ ಅದರ ಮುಂದಿನ ಬಂಪರಿಗೆ ತಾಗಿತ್ತು. ಕೆಳಗಿನ ಜಾಲರಿ ಹತ್ತಿರ ಅಂಗೈ ಅಗಲದಷ್ಟು ಒಳಗೆ ಹೋಗಿತ್ತು, ಬಣ್ಣ ಕಿತ್ತಿತ್ತು, ಅಷ್ಟೇ. ಇಂಥ ಕೆಲಸ ಎಷ್ಟು ಮಾಡಿದ್ದೇನೋ ಲೆಕ್ಕವಿಲ್ಲ. ಬಂಪರ್ ಬಿಚ್ಚಿದೆವು, ಹೀಟ್ ಗನ್ ಹಿಡಿದು ಒಳಗಿನಿಂದ ತಳ್ಳಿದೆವು, ತಗ್ಗು ಉಳಿದ ಕಡೆ ಪುಟ್ಟಿ ಎಳೆದೆವು, ಬಣ್ಣ ಹೊಡೆದು ಮೂರನೇ ದಿನ ಗಾಡಿ ಕೊಟ್ಟೆವು. ಗಾಡಿಯವರು ಬೆರಳಲ್ಲಿ ಸವರಿ ನೋಡಿ, "ಎಲ್ಲಿ ಪೆಟ್ಟಾಗಿತ್ತು ಅಂತ ನನಗೇ ಗೊತ್ತಾಗ್ತಿಲ್ಲ ಅಣ್ಣ" ಅಂದರು. ನಮ್ಮ ಕಸುಬಿನವರಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ.

ಎರಡು ದಿನ ಬಿಟ್ಟು ಅವರದೇ ಫೋನ್ ಬಂತು. ಧ್ವನಿ ನಡುಗುತ್ತಿತ್ತು. "ಅಣ್ಣ, ಎಕ್ಸ್‌ಪ್ರೆಸ್‌ವೇಲಿ ಬರ್ತಿದ್ದೆ. ಮುಂದೆ ಯಾರೂ ಇಲ್ಲ. ಗಾಡಿ ತಾನಾಗೇ ಗಕ್ಕನೆ ಬ್ರೇಕ್ ಹಿಡೀತು. ಹಿಂದೆ ಲಾರಿ ಇತ್ತು. ಗಾಡೀಲಿ ಮಕ್ಕಳಿದ್ರು."

ಲಾರಿಯವರು ಹೇಗೋ ಪಕ್ಕಕ್ಕೆ ಎಳೆದುಕೊಂಡು ಹೋಗಿದ್ದರಂತೆ. ಯಾರಿಗೂ ಏನೂ ಆಗಲಿಲ್ಲ. ಆದರೆ "ಹಿಂದೆ ಲಾರಿ ಇತ್ತು" ಅನ್ನುವ ಆ ಮಾತು ಎಷ್ಟೋ ರಾತ್ರಿ ನನ್ನನ್ನು ಎಬ್ಬಿಸಿ ಕೂರಿಸಿದೆ.

ಆಗಿದ್ದು ಏನು ಅಂದರೆ, ಆ ಗಾಡಿಯ ಬಂಪರ್ ಹಿಂದೆ, ಸರಿಯಾಗಿ ಪೆಟ್ಟು ಬಿದ್ದ ಜಾಗದಲ್ಲೇ, ಒಂದು ರೇಡಾರ್ ಇತ್ತು. ಮುಂದೆ ಹೋಗುವ ಗಾಡಿ ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ ಅಂತ ನೋಡಿ, ಅಗತ್ಯ ಬಿದ್ದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆಗೆ ಅದೇ ಕಣ್ಣು. ನಾವು ಬಂಪರ್ ಬಿಚ್ಚಿದಾಗ ಆ ಕಪ್ಪು ಡಬ್ಬಿ ನೋಡಿದ್ದೆವು. ಒಡೆದಿಲ್ಲ, ವೈರ್ ಕಿತ್ತಿಲ್ಲ, ಸರಿ ಇದೆ ಅಂದುಕೊಂಡೆವು. ಅದನ್ನು ಹಿಡಿದಿರುವ ತಗಡಿನ ಬ್ರಾಕೆಟ್ ಕೂದಲಷ್ಟು ತಿರುಗಿತ್ತು. ಅದು ಕಣ್ಣಿಗೆ ಕಾಣುವಂಥದ್ದಲ್ಲ. ಆಮೇಲೆ ಲೆಕ್ಕ ಹಾಕಿದೆ. ರೇಡಾರ್ ಒಂದೇ ಒಂದು ಡಿಗ್ರಿ ಪಕ್ಕಕ್ಕೆ ತಿರುಗಿದರೆ 100 ಮೀಟರ್ ದೂರದಲ್ಲಿ ಅದರ ನೋಟ ಸುಮಾರು 1.75 ಮೀಟರ್ ಪಕ್ಕಕ್ಕೆ ಹೋಗುತ್ತದೆ. ಹೆದ್ದಾರಿಯ ಒಂದು ಲೇನ್ ಅಗಲವೇ 3.5 ಮೀಟರ್. ಅಂದರೆ ಅರ್ಧ ಲೇನ್! ಪಕ್ಕದ ಲೇನಿನಲ್ಲಿ ಹೋಗುತ್ತಿರುವ ಬಸ್ಸು ಅದಕ್ಕೆ ತನ್ನ ಎದುರಿಗೇ ಇದ್ದಂತೆ ಕಾಣುತ್ತದೆ. ಅದರ ಜೊತೆಗೆ ನಾವು ಎಳೆದ ಪುಟ್ಟಿ ಬೇರೆ. ರೇಡಾರ್ ಮುಂದಿನ ಜಾಗದಲ್ಲಿ ಪುಟ್ಟಿ ಹಾಕಬಾರದು, ಬಣ್ಣದ ಮೇಲೆ ಬಣ್ಣ ದಪ್ಪಗೆ ಹೊಡೆಯಬಾರದು ಅಂತ ಎಷ್ಟೋ ಕಂಪನಿಗಳು ರಿಪೇರಿ ಪುಸ್ತಕದಲ್ಲೇ ಬರೆದಿವೆ. ಆ ಪುಸ್ತಕ ನಾನು ಓದಿರಲಿಲ್ಲ. ಅಂಥದ್ದೊಂದು ಇದೆ ಅಂತ ಗೊತ್ತಿದ್ದರೂ ಬಂಪರ್ ಕೆಲಸಕ್ಕೆ ಯಾರು ಪುಸ್ತಕ ತೆಗೀತಾರೆ ಅನ್ನುವ ಮನಸ್ಸಿತ್ತು.

ಗಾಡಿಯನ್ನು ಟೋ ಮಾಡಿಸಿ ಮೈಸೂರಿಗೆ ಕಳಿಸಿದೆ. ಹೊಸ ಬಂಪರ್, ಹೊಸ ಬ್ರಾಕೆಟ್, ಕ್ಯಾಲಿಬ್ರೇಶನ್ (ರೇಡಾರಿನ ನೋಟವನ್ನು ಮತ್ತೆ ಸರಿಯಾಗಿ ಹೊಂದಿಸುವುದು), ಎಲ್ಲ ಖರ್ಚೂ ನಾನೇ ಕೊಟ್ಟೆ. ಅವತ್ತಿನಿಂದ ನಮ್ಮ ಗ್ಯಾರೇಜಿನ ಕೆಲಸದ ರೀತಿಯೇ ಬದಲಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಂಡ್ಯ, ಮದ್ದೂರು, ಪಾಂಡವಪುರದಂಥ ಊರುಗಳಲ್ಲಿ ನನ್ನ ಹಾಗೆ ಸಣ್ಣ ಗ್ಯಾರೇಜ್ ಇಟ್ಟುಕೊಂಡವರು ತುಂಬಾ ಜನ ಇದ್ದೀರಿ. ನಿಮ್ಮ ಕೈಗೂ ಇಂಥ ಗಾಡಿ ಇವತ್ತೋ ನಾಳೆಯೋ ಬರುತ್ತದೆ. 2021ರಲ್ಲಿ ಎಕ್ಸ್‌ಯುವಿ 700 ಬಂದಾಗ ಈ ರೇಡಾರ್ ದೊಡ್ಡ ಗಾಡಿಗಳ ಸಮಾಚಾರ ಅಂದುಕೊಂಡಿದ್ದೆವು. ಈಗ ಸಿಟಿ, ವರ್ನಾ, ಕ್ರೆಟಾದಲ್ಲೂ ಇದೆ.

ನಾನು ಈ ಕೆಲಸಕ್ಕೆ ಸೇರಿದ್ದು 1997ರಲ್ಲಿ, ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ಎಸ್‌ಎಸ್‌ಎಲ್‌ಸಿ ಆಗಿರಲಿಲ್ಲ. ಅಪ್ಪ ಕರೆದುಕೊಂಡು ಹೋಗಿ ಉಸ್ತಾದರ ಕೈಗೆ ಒಪ್ಪಿಸಿ ಬಂದರು. ಆಗ ಬರುತ್ತಿದ್ದದ್ದು ಅಂಬಾಸಿಡರ್, ಪದ್ಮಿನಿ, ಮಾರುತಿ 800, ಮಾರುತಿ ವ್ಯಾನ್. ಅಂಬಾಸಿಡರ್ ತಗಡು ಎಂಥದ್ದು ಅಂದರೆ ಹೊಡೆದಷ್ಟೂ ಕೇಳುತ್ತಿತ್ತು. ಹಿಂದೆ ಡಾಲಿ (ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿ, ಮುಂದೆ ಸುತ್ತಿಗೆಯಲ್ಲಿ ತಟ್ಟು. ಉಬ್ಬಿದ ಕಡೆ ಗ್ಯಾಸಿನಲ್ಲಿ ಕೆಂಪಗೆ ಕಾಯಿಸು, ಒದ್ದೆ ಬಟ್ಟೆ ಒತ್ತು, ತಗಡು ಚುಂಯ್ ಅಂತ ಕುಗ್ಗುತ್ತದೆ. ಉಸ್ತಾದರು ಕಣ್ಣಲ್ಲಿ ನೋಡುತ್ತಲೇ ಇರಲಿಲ್ಲ. ಅಂಗೈ ಕೆಳಗೆ ಒಂದು ತೆಳು ಬಟ್ಟೆ ಇಟ್ಟುಕೊಂಡು ಉದ್ದಕ್ಕೂ ಸವರುತ್ತಿದ್ದರು. "ಬೇಟಾ, ಕಣ್ಣು ಸುಳ್ಳು ಹೇಳ್ತದೆ, ಕೈ ಹೇಳಲ್ಲ" ಅನ್ನುತ್ತಿದ್ದರು. ಬಟ್ಟೆ ಇಟ್ಟರೆ ಚರ್ಮ ತಗಡಿಗೆ ಅಂಟುವುದಿಲ್ಲ, ಸಣ್ಣ ಏರುಪೇರೂ ಕೈಗೆ ಸಿಗುತ್ತದೆ. ಇವತ್ತಿಗೂ ನಾನು ಹಾಗೇ ನೋಡುವುದು. ಹೊಸ ಹುಡುಗರಿಗೂ ಮೊದಲು ಅದನ್ನೇ ಕಲಿಸುವುದು.

2006ರಲ್ಲಿ ಮಂಡ್ಯಕ್ಕೆ ಬಂದು ಹಳೇ ಮೈಸೂರು ರಸ್ತೆ ಬದಿ ಸ್ವಂತ ಶೆಡ್ ಹಾಕಿದೆ. ಕೆಲಸಕ್ಕೆ ಬರವಿರಲಿಲ್ಲ. ಕಬ್ಬು ಅರೆಯುವ ಕಾಲ ಬಂತೆಂದರೆ ಸಾಕು, ರಾತ್ರಿ ಹೊತ್ತು ಹಿಂದೆ ದೀಪ ಇಲ್ಲದ ಟ್ರ್ಯಾಕ್ಟರ್ ಟ್ರೈಲರಿಗೆ ಗುದ್ದಿದ ಕಾರುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಟ್ರೈಲರಿನ ಹಿಂಭಾಗ ಎತ್ತರ ಇರುವುದರಿಂದ ಬಂಪರಿಗೆ ಏನೂ ಆಗದೆ ಬಾನೆಟ್ಟು, ಗಾಜು, ಮೇಲಿನ ಪಿಲ್ಲರ್ (ಚಾವಣಿ ಹೊತ್ತ ಕಂಬ) ಹೋಗಿರುತ್ತಿತ್ತು. ದಯವಿಟ್ಟು ಟ್ರೈಲರ್ ಇರುವವರು ಹಿಂದುಗಡೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಆ ಪಟ್ಟಿಗೆ ಹೆಚ್ಚು ದುಡ್ಡಾಗುವುದಿಲ್ಲ. ನಮ್ಮ ಅಂಗಡಿಗೆ ಬಂದ ಟ್ರೈಲರಿಗೆ ನಾನು ಕೇಳದೆಯೇ ಅಂಟಿಸಿ ಕಳಿಸುತ್ತೇನೆ.

ಈಗ ಹೇಳುವುದು ರೇಡಾರಿಗಿಂತ ಭಾರವಾದ ವಿಷಯ.

2015ರಲ್ಲಿ ಮುಂದಿನಿಂದ ಗುದ್ದಿದ ಒಂದು ಸಣ್ಣ ಕಾರು ಬಂತು. ಎಡಗಡೆ ಏಪ್ರನ್ನು (ಚಕ್ರದ ಮೇಲೆ, ಎಂಜಿನ್ ಪಕ್ಕದ ಒಳ ತಗಡು), ಅದರ ಕೆಳಗಿನ ಲಾಂಗ್ ಮೆಂಬರ್ ಬಗ್ಗಿತ್ತು. ಲಾಂಗ್ ಮೆಂಬರ್ ಅಂದರೆ ಎಂಜಿನ್ನಿನ ಎರಡೂ ಪಕ್ಕ ಮುಂದಕ್ಕೆ ಚಾಚಿರುವ ಪೆಟ್ಟಿಗೆಯಂಥ ಕಬ್ಬಿಣ. ನಾನು ಕಲಿತ ಹಾಗೇ ಮಾಡಿದೆ. ಚೈನ್ ಹಾಕಿ ಎಳೆದೆ, ಮಡಿಕೆ ಬಿದ್ದ ಕಡೆ ಗ್ಯಾಸ್ ಹಿಡಿದು ಕೆಂಪಗೆ ಮಾಡಿ ತಟ್ಟಿ ನೇರ ಮಾಡಿದೆ, ಸೀಳಿದ ಕಡೆ ವೆಲ್ಡ್ ಮಾಡಿದೆ, ಅಂಡರ್‌ಕೋಟ್ ಬಳಿದೆ. ಬಾನೆಟ್ ಗ್ಯಾಪು ಎರಡೂ ಕಡೆ ಸಮ ಬಂತು. ಗಾಡಿ ನೇರ ಓಡಿತು. ಒಂದು ವರ್ಷ ಕಳೆದ ಮೇಲೆ ಅದೇ ಕಾರು ಮತ್ತೆ ಮುಂದಿನಿಂದ ಗುದ್ದಿತು. ಅಷ್ಟೇನೂ ವೇಗ ಇರಲಿಲ್ಲ. ನಮ್ಮಲ್ಲಿಗೇ ತಂದರು. ಬಲಗಡೆ ಮೆಂಬರ್ ತುದಿಯಲ್ಲಿ ಮಾತ್ರ ಮಡಚಿಕೊಂಡು ನಿಂತಿತ್ತು. ಎಡಗಡೆದು ತುದಿಯಲ್ಲಿ ಹಾಗೇ ಇತ್ತು, ನಾನು ಕಾಯಿಸಿದ್ದ ಜಾಗದಲ್ಲಿ ಹಪ್ಪಳದ ಹಾಗೆ ಮಡಚಿ ಚಕ್ರವನ್ನು ಒಳಕ್ಕೆ ನೂಕಿತ್ತು. ಮುಂದೆ ಎಡಗಡೆ ಕೂತಿದ್ದವರ ಕಾಲು ಮುರಿದಿತ್ತು.

ಅವರು ನನ್ನನ್ನು ಏನೂ ಅನ್ನಲಿಲ್ಲ. ಅವರಿಗೆ ಗೊತ್ತಾಗಿರಲಿಲ್ಲ. ನನಗೆ ಗೊತ್ತಾಗಿತ್ತು. ನಾನೇ ಹೋಗಿ ಹೇಳಿದೆ.

ಆಮೇಲೆ ಕೇಳಿ, ಓದಿ, ತಿಳಿದವರ ಹತ್ತಿರ ನಿಂತು ಕಲಿತದ್ದು ಇಷ್ಟು. ಈಗಿನ ಗಾಡಿಯ ತಗಡೆಲ್ಲ ಒಂದೇ ಥರದ್ದಲ್ಲ. ಹೊರಗಿನ ಡೋರು, ಫೆಂಡರು ಮೆತ್ತಗಿನದು. ಲಾಂಗ್ ಮೆಂಬರು, ಪಿಲ್ಲರು, ಬಾಗಿಲೊಳಗಿನ ಬೀಮು ಇವೆಲ್ಲ ಹೆಚ್ಚು ಬಲದ ಉಕ್ಕು. ಮಧ್ಯದ ಪಿಲ್ಲರಿಗೆ ಕೆಲವು ಕಂಪನಿಗಳು ಬೋರಾನ್ ಉಕ್ಕು ಹಾಕುತ್ತವೆ. ಅದನ್ನು 900 ಡಿಗ್ರಿಗೂ ಮೇಲೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ, ಅಲ್ಲೇ ಗಕ್ಕನೆ ತಣ್ಣಗೆ ಮಾಡಿರುತ್ತಾರೆ. ಆ ಗಟ್ಟಿತನ ಬಂದದ್ದೇ ಆ ಕಾಯಿಸಿ ತಣಿಸುವ ಲೆಕ್ಕದಿಂದ. ಮಾಮೂಲಿ ತಗಡಿಗಿಂತ ಸುಮಾರು ಐದು ಪಟ್ಟು ಗಟ್ಟಿ. ನಾವು ಮತ್ತೆ ಗ್ಯಾಸ್ ಹಿಡಿದು ಕಾಯಿಸಿದರೆ ಆ ಲೆಕ್ಕ ಕೆಟ್ಟು ಅದು ಮೆತ್ತಗಾಗಿಬಿಡುತ್ತದೆ. ನೋಡಲು ಅದೇ ಬಣ್ಣ, ಅದೇ ಆಕಾರ. ಲಾಂಗ್ ಮೆಂಬರಿನ ತುದಿಯಲ್ಲಿ ಸಣ್ಣ ಸಣ್ಣ ತಗ್ಗು, ಮಡಿಕೆ ಇರುತ್ತವಲ್ಲ, ಅವನ್ನೂ ನಾನು ಮೊದಲು ಸುಮ್ನೆ ಡಿಸೈನ್ ಅಂದುಕೊಂಡಿದ್ದೆ. ಗುದ್ದಿದಾಗ ಮೊದಲು ಎಲ್ಲಿ ಮಡಚಬೇಕು ಅಂತ ಅಲ್ಲಿ ಬರೆದಿಟ್ಟಿದ್ದಾರೆ. ಪೆಟ್ಟಿನ ಬಲವನ್ನು ಆ ಮಡಿಕೆಗಳು ನುಂಗಬೇಕು, ಒಳಗೆ ಕೂತವರಿಗೆ ತಲುಪಬಾರದು. ನಾನು ಅದಕ್ಕೂ ಹಿಂದೆ, ಹೊಸದೊಂದು ಮಡಿಕೆಯನ್ನು ನನ್ನ ಕೈಯಾರೆ ಬರೆದಿದ್ದೆ.

ನಮ್ಮ ದೇಶದಲ್ಲಿ 2017ರ ಅಕ್ಟೋಬರಿನಿಂದ ಹೊಸ ಮಾಡೆಲ್ ಕಾರುಗಳಿಗೆ ಗುದ್ದಿಸಿ ನೋಡುವ ಪರೀಕ್ಷೆ ಕಡ್ಡಾಯವಾಯಿತು, 2019ರ ಅಕ್ಟೋಬರಿನಿಂದ ಎಲ್ಲ ಕಾರುಗಳಿಗೂ. ಮುಂದಿನಿಂದ 56 ಕಿಲೋಮೀಟರ್ ವೇಗದಲ್ಲಿ, ಕಾರಿನ ಅಗಲದ ನೂರಕ್ಕೆ 40 ಭಾಗ ಮಾತ್ರ ತಾಗುವ ಹಾಗೆ ಗುದ್ದಿಸುತ್ತಾರೆ. 2023ರ ಅಕ್ಟೋಬರಿನಲ್ಲಿ ಭಾರತ್ ಎನ್‌ಸಿಎಪಿ ಬಂತು, ಗಾಡಿಗೆ ಸುರಕ್ಷತೆಯ ಸ್ಟಾರ್ ಕೊಡುವ ಪರೀಕ್ಷೆ ಅದು, ಅಲ್ಲಿ 64 ಕಿಲೋಮೀಟರ್ ವೇಗ. ಈಗ ಗ್ರಾಹಕರು ಸ್ಟಾರ್ ನೋಡಿ ಗಾಡಿ ತಗೊಳ್ಳುತ್ತಾರೆ, ಒಳ್ಳೆಯದೇ. ಆದರೆ ಆ ಸ್ಟಾರ್ ಸಿಕ್ಕಿದ್ದು ಫ್ಯಾಕ್ಟರಿಯಿಂದ ಬಂದ ಗಾಡಿಗೆ. ನಾನು ತಟ್ಟಿ ಕೊಟ್ಟ ಗಾಡಿಗಲ್ಲ. ಈ ಮಾತನ್ನು ನನ್ನ ಹುಡುಗರಿಗೆ ಪ್ರತಿ ವಾರ ಹೇಳುತ್ತೇನೆ.

ಹಾಗಾಗಿ ಆ 2016ರಲ್ಲೇ ಗ್ಯಾಸ್ ಸೆಟ್ಟನ್ನು ಬಾಡಿ ಕೆಲಸದಿಂದ ತೆಗೆದಿಟ್ಟೆ. ಸಹಕಾರ ಸಂಘದಲ್ಲಿ ಸಾಲ ಮಾಡಿ ಮಿಗ್ ವೆಲ್ಡಿಂಗ್, ಸ್ಪಾಟ್ ವೆಲ್ಡಿಂಗ್ ಮೆಷಿನ್, ಬಗ್ಗಿದ ಬಾಡಿ ಎಳೆಯುವ ಸೆಕೆಂಡ್ ಹ್ಯಾಂಡ್ ಬೆಂಚ್ ತಗೊಂಡೆ. ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಟ್ರ್ಯಾಮ್ ಗೇಜ್. ಉದ್ದನೆಯ ಕೋಲು, ಎರಡೂ ತುದಿಯಲ್ಲಿ ಮುಳ್ಳು. ಗಾಡಿಯ ಕೆಳಗೆ ಕಂಪನಿಯವರು ಕೊಟ್ಟಿರುವ ತೂತುಗಳಿಂದ ತೂತಿಗೆ, ಎಡದಿಂದ ಬಲಕ್ಕೆ ಅಡ್ಡ, ಬಲದಿಂದ ಎಡಕ್ಕೆ ಅಡ್ಡ ಅಳೆಯುವುದು. ಎರಡು ಅಳತೆ ಒಂದೇ ಬರಬೇಕು. 3 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಗಾಡಿ ಬೆಂಚಿನಿಂದ ಇಳಿಯುವುದಿಲ್ಲ, ಇದು ನಮ್ಮ ಅಂಗಡಿಯ ನಿಯಮ. ಬಾನೆಟ್ ಗ್ಯಾಪನ್ನು ಹಿಂಜ್ ಸಡಿಲಿಸಿ ಹೇಗೆ ಬೇಕಾದರೂ ಹೊಂದಿಸಬಹುದು, ಆ ಅಡ್ಡ ಅಳತೆಯನ್ನು ಹೊಂದಿಸಲು ಬರುವುದಿಲ್ಲ. ಸುತ್ತಿಗೆ ಕೈಗೆತ್ತಿಕೊಳ್ಳುವ ಮೊದಲು ಅಳೆದು ಜಾಬ್ ಕಾರ್ಡಿನಲ್ಲಿ ಬರೆಯಬೇಕು, ಕೆಲಸ ಮುಗಿದ ಮೇಲೆ ಮತ್ತೆ ಬರೆಯಬೇಕು, ಎರಡನ್ನೂ ಗಿರಾಕಿಗೆ ತೋರಿಸಬೇಕು. ಮೊದಮೊದಲು ಹುಡುಗರಿಗೆ ಇದು ಬೇಜಾರು ತರಿಸುತ್ತಿತ್ತು. ಬೋರಾನ್ ಪಿಲ್ಲರ್ ಬಗ್ಗಿದ್ದರೆ ನಾವು ತಟ್ಟುವುದೇ ಇಲ್ಲ, ಪೂರ್ತಿ ಬದಲಿಸುವುದು, ಅದೂ ಕಂಪನಿ ಹೇಳಿದ ಜಾಗದಲ್ಲೇ ಬಿಡಿಸಿ. ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಇಟ್ಟರೆ ಮೊಂಡಾಗುತ್ತದೆ, ತಗಡು ಎಂಥದ್ದು ಅಂತ ಗೊತ್ತಾಗಲು ಅದೂ ಒಂದು ಗುರುತು.

ಇಷ್ಟೆಲ್ಲ ಕಲಿತಿದ್ದೇನೆ ಅನ್ನುವ ಧೈರ್ಯದಲ್ಲೇ 2023ರಲ್ಲಿ ಆ ಬಂಪರ್ ಕೆಲಸ ಮಾಡಿದ್ದು. ಉಕ್ಕಿನ ಪಾಠ ಕಲಿತವನಿಗೆ ಪ್ಲಾಸ್ಟಿಕ್ಕಿನ ಹಿಂದೆ ಇನ್ನೊಂದು ಪಾಠ ಕಾದಿತ್ತು.

ಅದೇ ವರ್ಷ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಗಿತ್ತು, ಪ್ರಧಾನಿಗಳು ಮಂಡ್ಯಕ್ಕೇ ಬಂದಿದ್ದರು. 118 ಕಿಲೋಮೀಟರ್ ರಸ್ತೆ, ಊರೊಳಗೆ ಬರದೆ ಬೈಪಾಸಿನಲ್ಲೇ ಹೋಗುತ್ತದೆ. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಅದರ ಮುಖ್ಯ ರಸ್ತೆಗೆ ಬಿಡುವುದನ್ನು ನಿಲ್ಲಿಸಿದರು. ನಮ್ಮ ಕಸುಬಿಗೆ ಇದರಿಂದ ಏನಾಯಿತು ಅಂತ ತುಂಬಾ ಜನ ಕೇಳುತ್ತಾರೆ. ಕೆಲಸ ಜಾಸ್ತಿ ಆಗಿರಬೇಕು ಅಂದುಕೊಳ್ಳುತ್ತಾರೆ. ಆಗಲಿಲ್ಲ. ಹಳೇ ರಸ್ತೆಯಲ್ಲಿ 40, 50ರ ವೇಗದಲ್ಲಿ ಆಗುತ್ತಿದ್ದ ಪೆಟ್ಟುಗಳು ನಮ್ಮ ಅನ್ನ ಆಗಿದ್ದವು. ಎಕ್ಸ್‌ಪ್ರೆಸ್‌ವೇಯಲ್ಲಿ ಆಗುವ ಅಪಘಾತದ ಗಾಡಿ ರಿಪೇರಿಗೇ ಬರುವಂತಿರುವುದಿಲ್ಲ, ಬಂದರೂ ಕ್ರೇನ್ ಮೇಲೆ ಸೀದಾ ಮೈಸೂರಿಗೋ ಬೆಂಗಳೂರಿಗೋ ಕಂಪನಿ ವರ್ಕ್‌ಶಾಪಿಗೆ ಹೋಗುತ್ತದೆ. ರಿಪೇರಿ ಖರ್ಚು ಗಾಡಿಯ ಐಡಿವಿಯ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) ನೂರಕ್ಕೆ 75 ಭಾಗ ದಾಟಿದರೆ ಇನ್ಶೂರೆನ್ಸಿನವರು ಟೋಟಲ್ ಲಾಸ್, ಅಂದರೆ ಗಾಡಿ ಪೂರ್ತಿ ಹೋಯಿತು ಅಂತ ಲೆಕ್ಕ ಮಾಡುತ್ತಾರೆ. ನಾಲ್ಕು ಏರ್‌ಬ್ಯಾಗ್ ಬಿಚ್ಚಿಕೊಂಡರೆ, ಡ್ಯಾಶ್‌ಬೋರ್ಡು, ಸೀಟ್ ಬೆಲ್ಟು, ಮಾಡ್ಯೂಲ್ ಸೇರಿ ಹಳೇ ಗಾಡಿಯ ಲೆಕ್ಕ ಅಲ್ಲಿಗೇ ಮುಗಿಯಿತು. ತಗಡಿಗೆ ಅಷ್ಟೇನೂ ಆಗಿರುವುದಿಲ್ಲ.

ಏರ್‌ಬ್ಯಾಗ್ ಅಂದಾಗ ಒಂದು ಮಾತು ಗಟ್ಟಿಯಾಗಿ ಹೇಳಬೇಕು. "ಬ್ಯಾಗ್ ಹಾಕೋದು ಬೇಡ, ಲೈಟ್ ಮಾತ್ರ ಆರಿಸಿ ಕೊಡಿ, ಗಾಡಿ ಮಾರ್ತೀನಿ" ಅಂತ ಬರುವವರಿದ್ದಾರೆ. ಬ್ಯಾಗ್ ಇದೆ ಅಂತ ಕಂಪ್ಯೂಟರಿಗೆ ಮೋಸ ಮಾಡುವ ಸಣ್ಣ ರೆಸಿಸ್ಟರ್ ಒಂದು ಸಿಕ್ಕಿಸಿದರೆ ಲೈಟ್ ಆರುತ್ತದೆ. ಕೈತುಂಬ ದುಡ್ಡೂ ಕೊಡುತ್ತಾರೆ. ಆ ಗಾಡಿ ಕೊಂಡವರು ಯಾರು? ಯಾವುದೋ ಹಳ್ಳಿಯವರು, ಮಗಳ ಮದುವೆಗೋ ಮಗುವಿನ ಆಸ್ಪತ್ರೆಗೋ ಇರಲಿ ಅಂತ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರು. ಸ್ಟೇರಿಂಗ್ ಮೇಲೆ ಏರ್‌ಬ್ಯಾಗ್ ಅಂತ ಬರೆದಿರುತ್ತದೆ, ಒಳಗೆ ಖಾಲಿ. ನಾನು ಮಾಡುವುದಿಲ್ಲ. ನೀವೂ ಮಾಡಬೇಡಿ.

ಇನ್ಶೂರೆನ್ಸ್ ವಿಷಯದಲ್ಲಿ ದಿನಾ ಅರ್ಧ ಗಂಟೆ ಮಾತಾಡಬೇಕಾಗುತ್ತದೆ. "ಫುಲ್ ಇನ್ಶೂರೆನ್ಸ್ ಇದೆಯಲ್ಲಪ್ಪ, ನಾನ್ಯಾಕೆ ದುಡ್ಡು ಕೊಡಬೇಕು" ಅಂತ ಯಜಮಾನರುಗಳು ಸಿಟ್ಟಾಗುತ್ತಾರೆ. ಅವರ ತಪ್ಪಲ್ಲ, ಪಾಲಿಸಿ ಮಾಡಿಸುವಾಗ ಯಾರೂ ಹೇಳಿರುವುದಿಲ್ಲ. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಮಾತ್ರ ಸಿಗುತ್ತದೆ, ಗಾಡಿ ಹೊಸದಾದರೂ ಅಷ್ಟೇ. ಗಾಜಿಗೆ ಏನೂ ಕಡಿತವಿಲ್ಲ. ತಗಡಿನ ಭಾಗಕ್ಕೆ ಗಾಡಿಯ ವಯಸ್ಸು ನೋಡಿ ಕಡಿತ. ಆರು ತಿಂಗಳವರೆಗೆ ಇಲ್ಲ, ಒಂದರಿಂದ ಎರಡು ವರ್ಷಕ್ಕೆ ನೂರಕ್ಕೆ 10 ಭಾಗ, ನಾಲ್ಕರಿಂದ ಐದು ವರ್ಷಕ್ಕೆ 35, ಹತ್ತು ದಾಟಿದರೆ ಅರ್ಧ. ಬಣ್ಣದ ಸಾಮಾನಿಗೂ ಅರ್ಧ. ಇದರ ಮೇಲೆ ಪ್ರತಿ ಕ್ಲೇಮಿಗೂ 1500 ಸಿಸಿವರೆಗೆ 1000 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 2000 ನಾವೇ ಕಟ್ಟಬೇಕು. ಮೊದಲು ಬಂಪರ್ ಕಬ್ಬಿಣದ್ದಿತ್ತು, ಈಗ ಗಾಡಿಯ ಮೂತಿ ಪೂರ್ತಿ ಪ್ಲಾಸ್ಟಿಕ್. ಅಂದಮೇಲೆ ಕೈಯಿಂದ ಹೋಗುವ ದುಡ್ಡು ಜಾಸ್ತಿ ಆಯಿತಲ್ವಾ? ಅದಕ್ಕೇ ಐದು ವರ್ಷದೊಳಗಿನ ಗಾಡಿಯಾದರೆ ಈ ಕಡಿತ ಇಲ್ಲದ ಝೀರೋ ಡೆಪ್ ಪಾಲಿಸಿ ಮಾಡಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ಅದರಿಂದ ನನಗೇನೂ ಕಮಿಷನ್ ಇಲ್ಲ. ನಷ್ಟ ಅಂದಾಜು ಮಾಡುವ ಇನ್ಶೂರೆನ್ಸಿನ ಸರ್ವೇಯರ್ ಬರುವುದೂ ಬದಲಾಗಿದೆ. ಕೊರೊನಾ ಆದಮೇಲೆ ಸಣ್ಣ ಪೆಟ್ಟಿಗೆಲ್ಲ ಮೊಬೈಲಿನಲ್ಲೇ ಫೋಟೋ, ವಿಡಿಯೋ ಕರೆ. ಬೇಗ ಆಗುತ್ತದೆ, ಸಂತೋಷ. ಆದರೆ ಫೋಟೋದಲ್ಲಿ ಬಂಪರ್ ಮೇಲಿನ ಗೀರು ಕಾಣುತ್ತದೆ, ಹಿಂದಿನ ಬ್ರಾಕೆಟ್ ಕಾಣುವುದಿಲ್ಲ. ಅದಕ್ಕೇ ನಾವು ಬಂಪರ್ ಬಿಚ್ಚಿದ ಮೇಲೆ ಇನ್ನೊಂದು ಸಲ ವಿಡಿಯೋ ಕರೆ ಮಾಡಿ ತೋರಿಸದೆ ಎಸ್ಟಿಮೇಟ್ ಒಪ್ಪುವುದಿಲ್ಲ. ಕೆಲವು ಸರ್ವೇಯರುಗಳಿಗೆ ಇದು ಕಿರಿಕಿರಿ, ಇರಲಿ.

2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು ನಿಜಕ್ಕೂ ಉಪಕಾರವಾಗಿದೆ. ಆದರೂ ಹೆಡ್‌ಲೈಟಿನ ಬೆಲೆ ಕೇಳಿದರೆ ರೈತರು ಅಲ್ಲೇ ಕೂತುಬಿಡುತ್ತಾರೆ. ಆದ್ದರಿಂದ ರಿಪೇರಿ ಆಗುವುದನ್ನು ರಿಪೇರಿಯೇ ಮಾಡಬೇಕು ಅನ್ನುವುದು ನನ್ನ ಹಟ. ಹೆಡ್‌ಲೈಟಿನ ಗಾಜು ಸರಿ ಇದ್ದು ಹಿಂದಿನ ಕಿವಿ ಮಾತ್ರ ಮುರಿದಿದ್ದರೆ ಹೊಸ ಕಿವಿ ಕೂರಿಸುತ್ತೇವೆ. ಬಂಪರ್ ಸೀಳಿದ್ದರೆ ಪ್ಲಾಸ್ಟಿಕ್ ವೆಲ್ಡಿಂಗ್. ಬಂಪರ್ ಒಳಗಡೆ ಸಣ್ಣದಾಗಿ ಅಚ್ಚು ಒತ್ತಿರುತ್ತಾರೆ, ಪಿಪಿ, ಎಬಿಎಸ್ ಅಂತೆಲ್ಲ, ಅದನ್ನು ಓದಿ ಅದೇ ಜಾತಿಯ ಕಡ್ಡಿ ಹಾಕಬೇಕು. ಬೇರೆ ಹಾಕಿದರೆ ಮೊದಲ ರೋಡ್ ಹಂಪ್ ಹತ್ತಿಸಿದಾಗಲೇ ಬಿರುಕು. ಸೀಳಿನ ತುದಿಯಲ್ಲಿ ಸಣ್ಣ ತೂತು ಕೊರೆದು ಶುರು ಮಾಡಿ, ಇಲ್ಲವಾದರೆ ಸೀಳು ಮುಂದೆ ಓಡುತ್ತದೆ. ರೇಡಾರ್ ಎದುರಿನ ಜಾಗ, ಹಿಂದಿನ ಬಂಪರಿನ ಮೂಲೆಯಲ್ಲಿ ಪಕ್ಕ ನೋಡುವ ರೇಡಾರ್ ಇರುವ ಜಾಗ, ಇವೆರಡನ್ನು ಬಿಟ್ಟು ಬೇರೆ ಕಡೆ ಮಾತ್ರ ಈ ವೆಲ್ಡಿಂಗ್.

ಬಣ್ಣದ ವಿಷಯಕ್ಕೆ ಬಂದರೆ ಮಂಡ್ಯದಲ್ಲಿ ಒಂದು ಕಷ್ಟ ಇದೆ, ಬೇರೆ ಊರಿನವರಿಗೆ ಅರ್ಥವಾಗುವುದಿಲ್ಲ. ಆಲೆಮನೆ ಶುರುವಾದ ತಿಂಗಳುಗಳಲ್ಲಿ ಕಬ್ಬಿನ ಸಿಪ್ಪೆ ಉರಿದ ಕರಿ ಗಾಳಿಯಲ್ಲಿ ತೇಲಿ ಬರುತ್ತದೆ. ಹಸಿ ಕ್ಲಿಯರ್‌ಕೋಟ್ (ಬಣ್ಣದ ಮೇಲಿನ ಹೊಳಪಿನ ಪದರ) ಮೇಲೆ ಒಂದು ಎಳೆ ಕೂತರೂ ಮುಗಿಯಿತು, ಬಿಳಿ ಗಾಡಿಯ ಮೇಲೆ ಇರುವೆ ಹರಿದ ಹಾಗೆ ಕಾಣುತ್ತದೆ. ಎಷ್ಟೋ ವರ್ಷ ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು, ಗಾಳಿ ನಿಂತಿರುವಾಗ ಬಣ್ಣ ಹೊಡೆದಿದ್ದೇನೆ. 2019ರಲ್ಲಿ ಬೂತ್, ಅಂದರೆ ಬಣ್ಣ ಹೊಡೆಯುವ ಮುಚ್ಚಿದ ಕೋಣೆ, ಕಟ್ಟಿಸಿದ ಮೇಲೆ ಆ ಕಾಟ ತಪ್ಪಿತು. ಬಾಗಿಲು ಹಾಕಿ 60 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿದರೆ ಸಂಜೆಗೆ ಗಾಡಿ ಕೊಡಬಹುದು.

ಬೂತ್‌ಗಿಂತ ನಾನು ಮೊದಲು ಕೊಳ್ಳಬೇಕಾಗಿದ್ದದ್ದು ಒಳ್ಳೆಯ ಮಾಸ್ಕು. ನಮ್ಮ ಉಸ್ತಾದರು ಮೂಗಿಗೆ ಕರ್ಚೀಫ್ ಕಟ್ಟಿಕೊಂಡೇ ಮೂವತ್ತು ವರ್ಷ ಬಣ್ಣ ಹೊಡೆದರು. ಕೊನೆಕೊನೆಗೆ ಹತ್ತು ಹೆಜ್ಜೆ ನಡೆದರೆ ಉಬ್ಬಸ ಬರುತ್ತಿತ್ತು. ಈಗಿನ ಪಿಯು (ಪಾಲಿಯುರೆಥೇನ್) ಬಣ್ಣ, ಕ್ಲಿಯರ್‌ಕೋಟಿಗೆ ಬೆರೆಸುವ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಅನ್ನುವ ವಸ್ತು ಇರುತ್ತದೆ. ಒಂದು ಸಲ ಮೈಗೆ ಹಿಡಿಯಿತು ಅಂದರೆ ಆಮೇಲೆ ಸ್ವಲ್ಪವೇ ತಾಗಿದರೂ ಆಸ್ತಮಾ ಕೆರಳುತ್ತದೆ. ಕೆಡುಕು ಮಾಡುವಷ್ಟು ಗಾಳಿಯಲ್ಲಿ ಇದ್ದರೂ ಅದರ ವಾಸನೆ ಬರದೇ ಇರಬಹುದು, ಅದೇ ಅದರ ಅಪಾಯ. ಬಟ್ಟೆ ಮಾಸ್ಕ್ ಅದನ್ನು ತಡೆಯುವುದೇ ಇಲ್ಲ. ನಮ್ಮಲ್ಲಿ ಈಗ ಬೂತ್ ಒಳಗೆ ಹೋಗುವವರಿಗೆ ಪೈಪಿನಲ್ಲಿ ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಇದೆ. ಅದನ್ನು ಹಾಕದೆ ಗನ್ ಮುಟ್ಟಿದರೆ ಅವತ್ತು ಕೆಲಸ ಇಲ್ಲ, ಮನೆಗೆ ಹೋಗು ಅನ್ನುತ್ತೇನೆ. ಉಸ್ತಾದರ ಮುಖ ನೆನಪಾಗುತ್ತದೆ, ಇದರಲ್ಲಿ ರಾಜಿ ಇಲ್ಲ.

ಎಲೆಕ್ಟ್ರಿಕ್ ಗಾಡಿಗಳನ್ನು ಮೊದಲು ವಾಪಸ್ ಕಳಿಸುತ್ತಿದ್ದೆ, ಭಯವಿತ್ತು. ಈಗ ಡೋರು, ಫೆಂಡರಿನಂಥ ಮೇಲಿನ ಕೆಲಸ ಮಾತ್ರ ತಗೊಳ್ಳುತ್ತೇನೆ. ಕಿತ್ತಳೆ ಬಣ್ಣದ ವೈರ್ ಕಂಡ ಕಡೆ ನಮ್ಮ ಕೈ ಹೋಗುವುದಿಲ್ಲ, ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ. ಬೂತ್‌ನಲ್ಲಿ 60 ಡಿಗ್ರಿ ಏರಿಸುವುದಿಲ್ಲ, ಬ್ಯಾಟರಿಗೆ ಎಷ್ಟು ಶಾಖ ಆಗಬಹುದು ಅಂತ ಆ ಕಂಪನಿ ಹೇಳಿದ್ದನ್ನು ನೋಡಿಯೇ ಒಳಗೆ ಬಿಡುವುದು. ಗಾಡಿಯ ಹೊಟ್ಟೆ ಕಲ್ಲಿಗೆ ತಾಗಿ ಬ್ಯಾಟರಿ ಪೆಟ್ಟಿಗೆಯಲ್ಲಿ ಸಣ್ಣ ತಗ್ಗು ಬಿದ್ದಿದ್ದರೂ ಕಂಪನಿಯವರಿಗೇ ತೋರಿಸಿ ಅನ್ನುತ್ತೇನೆ. ನಾಲೆಗೆ ಬಿದ್ದ ಗಾಡಿಯನ್ನಂತೂ, ಎಲೆಕ್ಟ್ರಿಕ್ ಇರಲಿ ಪೆಟ್ರೋಲ್ ಇರಲಿ, ನಾನು ಮುಟ್ಟುವುದಿಲ್ಲ. ಕನೆಕ್ಟರುಗಳೊಳಗೆ ಹೂಳು ಕೂತರೆ ಯಾವತ್ತು ಕೈಕೊಡುತ್ತದೋ ಹೇಳಲಾಗದು.

ಇವನ್ನೆಲ್ಲ ಓದುವವರು ಯಾರು ಅನ್ನುವುದು ನಿಜವಾದ ತೊಂದರೆ. ರಿಪೇರಿ ಪುಸ್ತಕಗಳು ಇಂಗ್ಲಿಷಿನಲ್ಲಿವೆ, ಅದೂ ಎಲ್ಲ ಕಂಪನಿಯವು ಹೊರಗಿನ ಗ್ಯಾರೇಜಿಗೆ ಸಿಗುವುದಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ ಅಂತ ಪೋರ್ಟಲ್ ಶುರು ಮಾಡಿತು, ಅದರಲ್ಲಿ ವಾಹನಗಳೂ ಇವೆ. ಒಳ್ಳೆಯ ಹೆಜ್ಜೆ, ಆದರೆ ಬಾಡಿ ಅಳತೆ, ಯಾವ ಭಾಗ ಯಾವ ಉಕ್ಕು, ಎಲ್ಲಿ ಕತ್ತರಿಸಬಹುದು ಅನ್ನುವ ನಕ್ಷೆ ಎಲ್ಲರಿಗೂ ಸಿಗುವಂತಾಗಬೇಕು. ಕನ್ನಡದಲ್ಲಿ ಸಿಕ್ಕರೆ ಅದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ. ನಮ್ಮ ಕಸುಬಿನಲ್ಲಿರುವ ಹುಡುಗರು ದಡ್ಡರಲ್ಲ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಯಾರೂ ಹೇಳಿಲ್ಲ, ಅಷ್ಟೇ. ಸದ್ಯಕ್ಕೆ ನನ್ನ ಮಗಳು ಡಿಪ್ಲೊಮಾ ಓದುತ್ತಿದ್ದಾಳೆ, ಸಂಜೆ ಬಂದು ಪುಸ್ತಕ ಓದಿ ಹುಡುಗರಿಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಾಳೆ, ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸುತ್ತಾಳೆ. ಗಾಡಿ ಒಳಗೆ ಬಂದ ತಕ್ಷಣ, ಅದರ ಕಂಪ್ಯೂಟರಿನಲ್ಲಿರುವ ದೋಷ ಓದುವ ಸ್ಕ್ಯಾನರ್ ಹಾಕಿ ರಿಪೋರ್ಟ್ ತೆಗೆಯುವುದು ಅವಳೇ ಶುರು ಮಾಡಿದ ಪದ್ಧತಿ. ಗಾಡಿ ಹೊರಗೆ ಹೋಗುವಾಗ ಇನ್ನೊಂದು ರಿಪೋರ್ಟ್. "ಅಪ್ಪ, ನೀವು ಬಟ್ಟೆ ಇಟ್ಟು ಸವರಿ ನೋಡ್ತೀರಲ್ಲ, ಇದು ವೈರಿಗೆ ಹಾಗೇ" ಅಂದಳು. ನನಗೆ ಆಗ ಸರಿಯಾಗಿ ಅರ್ಥವಾಯಿತು.

ಕ್ಯಾಲಿಬ್ರೇಶನ್ ಮೆಷಿನ್ ನಾನು ತಗೊಂಡಿಲ್ಲ. ಅದಕ್ಕೆ ಸಮತಟ್ಟಾದ ನೆಲ ಬೇಕು, ಗಾಡಿ ಮುಂದೆ ಅಷ್ಟು ಜಾಗ ಖಾಲಿ ಬೇಕು, ಗುರಿ ಹಲಗೆಗಳನ್ನು ಅಳತೆ ಹಿಡಿದು ನಿಲ್ಲಿಸಬೇಕು. ಕೆಲವು ಗಾಡಿಗಳಿಗೆ ರಸ್ತೆಯಲ್ಲಿ ಓಡಿಸಿಯೇ ಮಾಡಬೇಕು. ನಮ್ಮ ಶೆಡ್ಡಿನಲ್ಲಿ ಅದಕ್ಕೆ ಜಾಗವಿಲ್ಲ. ಮೈಸೂರಿಗೆ ಕಳಿಸಿ ಮಾಡಿಸುತ್ತೇನೆ, ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ ತೋರಿಸುತ್ತೇನೆ. ಮುಂದಿನ ಗಾಜು ಬದಲಿಸಿದರೂ ಅಷ್ಟೇ, ಕನ್ನಡಿ ಹಿಂದೆ ಕ್ಯಾಮೆರಾ ಇರುವ ಗಾಡಿಯಾದರೆ ಅದನ್ನೂ ಮತ್ತೆ ಹೊಂದಿಸಬೇಕು. "ಬೇಡ ಬಿಡಣ್ಣ, ಅದೆಲ್ಲ ನಾನು ಆಫ್ ಮಾಡ್ಕೊಂಡೇ ಓಡಿಸ್ತೀನಿ" ಅನ್ನುವವರಿಗೆ ಗಾಡಿ ಬೇರೆ ಕಡೆ ಮಾಡಿಸಿ ಅಂತ ಕೈಮುಗಿಯುತ್ತೇನೆ. ಹೀಗೆ ಎಷ್ಟೋ ಕೆಲಸ ಬಿಟ್ಟಿದ್ದೇನೆ.

ಆ ಬಿಳಿ ಎಸ್‌ಯುವಿ ಹೋದ ತಿಂಗಳು ಮತ್ತೆ ಬಂತು. ಅವರು ನನ್ನ ಹತ್ತಿರ ಮತ್ತೆ ಬರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಬೈಕೊಂದು ಮುಂದಿನ ಮೂಲೆಗೆ ತಾಗಿತ್ತು, ಫೆಂಡರ್ ಹೋಗಿತ್ತು, ಬಂಪರಿಗೆ ಗೀರು. ಮಗಳು ಮೊದಲು ಸ್ಕ್ಯಾನ್ ಮಾಡಿದಳು. ಬಂಪರ್ ಬಿಚ್ಚಿ ಬ್ರಾಕೆಟ್ ಅಳೆದೆವು, ಫೋಟೋ ತೆಗೆದೆವು, ಸರ್ವೇಯರಿಗೆ ತೋರಿಸಿದೆವು. ಫೆಂಡರ್ ಹೊಸದು ಹಾಕಿ, ಬಂಪರಿನಲ್ಲಿ ಬಣ್ಣ ಮೂಲೆಗೆ ಮಾತ್ರ ಹೊಡೆದು, ಮೈಸೂರಿಗೆ ಕ್ಯಾಲಿಬ್ರೇಶನ್‌ಗೆ ಕಳಿಸಿದೆವು. ಗಾಡಿ ವಾಪಸ್ ಬಂದ ದಿನ ನಾನು ಅವರ ಪಕ್ಕದ ಸೀಟಿನಲ್ಲಿ ಕೂತು ಎಕ್ಸ್‌ಪ್ರೆಸ್‌ವೇಗೆ ಹೋದೆ. ಇಬ್ಬರೂ ಮಾತಾಡಲಿಲ್ಲ. ಗೆಜ್ಜಲಗೆರೆ ದಾಟುವಾಗ ಮುಂದೆ ಒಂದು ಹಾಲಿನ ಟ್ಯಾಂಕರ್ ಸಿಕ್ಕಿತು. ಮೀಟರ್ ಪಕ್ಕದ ಪರದೆಯಲ್ಲಿ ಅದರ ಚಿತ್ರ ಮೂಡಿತು, ಗಾಡಿ ತಾನಾಗಿ ಮೆಲ್ಲಗೆ ವೇಗ ಇಳಿಸಿ ಅದರ ಹಿಂದೆ ಅಷ್ಟು ದೂರ ಬಿಟ್ಟು ನಿಧಾನವಾಗಿ ಹೋಯಿತು. ಅಷ್ಟರಲ್ಲಿ ಪಕ್ಕದ ಲೇನಿನಲ್ಲಿ ಒಂದು ಬಸ್ಸು ಜೋರಾಗಿ ಬಂದು ನಮ್ಮನ್ನು ದಾಟಿ ಹೋಯಿತು. ನನ್ನ ಕಾಲು ತಾನಾಗಿಯೇ ಇಲ್ಲದ ಬ್ರೇಕನ್ನು ಒತ್ತಿತು. ಗಾಡಿ ಅಲುಗಲಿಲ್ಲ.